ಫಿಲ್ಟರ್ ಇದ್ದರೂ ಆಮೆ ಟ್ಯಾಂಕಿನಲ್ಲಿ ಪಾಚಿ ಯಾಕೆ ಬರುತ್ತದೆ?

"ಫಿಲ್ಟರ್ ಹಾಕಿದೀನಿ, ನೀರು ಬದಲಾಯಿಸ್ತಾನೇ ಇದೀನಿ, ಆದ್ರೂ ವಾರ ತುಂಬೋದ್ರಲ್ಲಿ ಗಾಜೆಲ್ಲ ಹಸಿರು." ಶಿವಮೊಗ್ಗದಲ್ಲಿ ಆಮೆ ಸಾಕಿದವರು ಇಬ್ಬರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಕೆಲವರು ಇನ್ನೂ ದೊಡ್ಡ ಫಿಲ್ಟರ್ ತರುತ್ತಾರೆ. ಕೆಲವರು ಅಂಗಡಿಯಲ್ಲಿ ಸಿಗುವ ಪಾಚಿ ಔಷಧಿ ಸುರಿಯುತ್ತಾರೆ. ಇನ್ನು ಕೆಲವರು ಬೇಸತ್ತು ಟ್ಯಾಂಕನ್ನೇ ಖಾಲಿ ಮಾಡಿ, ಒಳಗೆಲ್ಲ ತಿಕ್ಕಿ ತೊಳೆದು ಹೊಸ ನೀರು ತುಂಬುತ್ತಾರೆ. ಸ್ವಲ್ಪ ದಿನ ಕಳೆದರೆ ಮತ್ತೆ ಅದೇ ಹಸಿರು.

ಕಾರಣ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಫಿಲ್ಟರ್ ಇರುವುದು ಆಮೆಯನ್ನು ಕಾಪಾಡಲು, ಪಾಚಿಯನ್ನು ತಡೆಯಲು ಅಲ್ಲ. ಆಮೆಗೆ ವಿಷವಾಗುವ ವಸ್ತುವನ್ನು ಅದು ಅಷ್ಟೇನೂ ಅಪಾಯವಿಲ್ಲದ ಇನ್ನೊಂದು ವಸ್ತುವಾಗಿ ಬದಲಿಸುತ್ತದೆ. ಆ ಇನ್ನೊಂದು ವಸ್ತುವಿನ ಹೆಸರು ನೈಟ್ರೇಟ್, ಅದೇ ಪಾಚಿಗೆ ಒಳ್ಳೆಯ ಗೊಬ್ಬರ. ಹಾಗಾಗಿ ಫಿಲ್ಟರ್ ಚೆನ್ನಾಗಿ ಕೆಲಸ ಮಾಡುವ ಟ್ಯಾಂಕಿನಲ್ಲೂ ಪಾಚಿ ಸೊಗಸಾಗಿ ಬೆಳೆಯುತ್ತದೆ.

ಮುಂದೆ ಹೋಗುವ ಮೊದಲು ಯಾವ ಆಮೆ ಎಂದು ಹೇಳಿಬಿಡುತ್ತೇನೆ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ರೆಡ್ ಇಯರ್ಡ್ ಸ್ಲೈಡರ್, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವ ಆಮೆ. ಅದರ ಊರು ಅಮೆರಿಕದ ದಕ್ಷಿಣ ಭಾಗ. ಗದ್ದೆಯಲ್ಲಿ, ಕೆರೆ ಏರಿಯಲ್ಲಿ, ಕಾಡಿನ ದಾರಿಯಲ್ಲಿ ಕಾಣುವ ನಮ್ಮ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಮನೆಗೆ ತಂದು ಸಾಕಬಾರದು. ಪಶ್ಚಿಮ ಘಟ್ಟದ ಕಾಡಿನಲ್ಲಿ ಮಾತ್ರ ಬದುಕುವ ಒಂದು ಪುಟ್ಟ ಆಮೆ ಇದೆ. ಅದರ ಕುಲಕ್ಕೆ ವಿಜಯಚೆಲಿಸ್ ಎಂದು ಹೆಸರು. ಭಾರತದ ಮೊದಲ ಮಹಿಳಾ ಸರೀಸೃಪ ತಜ್ಞೆ ಜೆ. ವಿಜಯಾ ಅವರ ನೆನಪಿಗೆ ಇಟ್ಟದ್ದು ಅದು. ಅಂಥ ಆಮೆಗಳು ಕಾಡಿನಲ್ಲೇ ಇರಲಿ. ಇಲ್ಲಿ ಹೇಳುವುದೆಲ್ಲ ಅಂಗಡಿಯ ಸ್ಲೈಡರ್ ಬಗ್ಗೆ.

ಮಳೆಗಾಲದಲ್ಲಿ ನಮ್ಮ ಅಂಗಳ ನೋಡಿ. ಸೂರಿನ ನೀರು ಬೀಳುವ ಕಡೆ, ಬಚ್ಚಲ ನೀರು ಹರಿಯುವ ಕಡೆ ಪಾಚಿ ದಪ್ಪಗೆ ಕಟ್ಟುತ್ತದೆ. ನೀರು, ಬೆಳಕು, ಒಂದಿಷ್ಟು ಸಾರ ಮೂರೂ ಒಂದೇ ಕಡೆ ಸೇರಿದರೆ ಅದನ್ನು ಯಾರೂ ಬಿತ್ತಬೇಕಿಲ್ಲ. ಆಮೆ ಟ್ಯಾಂಕಿನಲ್ಲೂ ಅಷ್ಟೇ. ನೀರನ್ನಂತೂ ತೆಗೆಯಲು ಆಗುವುದಿಲ್ಲ. ಉಳಿಯುವುದು ಎರಡು, ಬೆಳಕು ಮತ್ತು ಗೊಬ್ಬರ.

ಗೊಬ್ಬರ ಎಲ್ಲಿಂದ ಬರುತ್ತದೆ?

ಆಮೆಯ ತಟ್ಟೆಯಿಂದ. ಬೇರೆ ಎಲ್ಲಿಂದಲೂ ಅಲ್ಲ ಎನ್ನುವಷ್ಟು ಅದರದ್ದೇ ಪಾಲು ದೊಡ್ಡದು.

ಒಂದು ಲೆಕ್ಕ ಹಾಕೋಣ. ಆಮೆಗೆ ಹಾಕುವ ಪೆಲೆಟ್, ಅಂದರೆ ಗುಳಿಗೆಯಂಥ ಒಣ ಆಹಾರದ ಡಬ್ಬದ ಮೇಲೆ ಪ್ರೋಟೀನ್ ಎಷ್ಟು ಎಂದು ಬರೆದಿರುತ್ತದೆ. 40 ಶೇಕಡ ಎಂದಿಟ್ಟುಕೊಳ್ಳಿ. 10 ಗ್ರಾಂ ಪೆಲೆಟ್‌ನಲ್ಲಿ 4 ಗ್ರಾಂ ಪ್ರೋಟೀನ್ ಆಯಿತು. ಪ್ರೋಟೀನಿನ ತೂಕದಲ್ಲಿ ಸುಮಾರು 16 ಶೇಕಡ ಸಾರಜನಕ, ಅಂದರೆ 0.64 ಗ್ರಾಂ. ಅಷ್ಟೂ ಸಾರಜನಕ ನೀರಿಗೆ ಸೇರಿ ನೈಟ್ರೇಟ್ ಆದರೆ ಸುಮಾರು 2.8 ಗ್ರಾಂ ನೈಟ್ರೇಟ್ ಆಗುತ್ತದೆ. 200 ಲೀಟರ್ ಟ್ಯಾಂಕಿನಲ್ಲಿ ಲೀಟರಿಗೆ 14 ಮಿಲಿಗ್ರಾಂ. ಮರಿ ಆಮೆ ಬೆಳೆಯುವಾಗ ಒಂದಿಷ್ಟನ್ನು ತನ್ನ ಮೈಗೆ ಸೇರಿಸಿಕೊಳ್ಳುತ್ತದೆ. ಆದರೆ ದೊಡ್ಡ ಆಮೆ ತಿಂದದ್ದರಲ್ಲಿ ಹೆಚ್ಚಿನ ಪಾಲು ನೀರಿಗೇ ಬರುತ್ತದೆ. 10 ಗ್ರಾಂ ಪೆಲೆಟ್ ಅಂದರೆ ಒಂದು ಸಣ್ಣ ಹಿಡಿಯೂ ಇಲ್ಲ, ಅಲ್ವಾ? ಅಷ್ಟರಿಂದಲೇ ಇಷ್ಟು.

ಮೀನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ, ಆದರೆ ಮನೆಯ ಮೀನುಗಳು ಚಿಕ್ಕವು, ತಿನ್ನುವುದೂ ಕಡಿಮೆ. ಆಮೆ ಹಾಗಲ್ಲ. ಅಂಗಡಿಯಲ್ಲಿ ಅಂಗೈಯಲ್ಲಿ ಕೂರುವ ಮರಿ, ಹೆಣ್ಣಾದರೆ 25 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ತಿನ್ನುವಾಗ ಹರಿದು, ಚೆಲ್ಲಿ ತಿನ್ನುತ್ತದೆ. ಅದಕ್ಕೇ ಮೀನಿನ ಟ್ಯಾಂಕಿಗೆ ಸಾಕಾಗುವ ಫಿಲ್ಟರ್ ಆಮೆಗೆ ಸಾಕಾಗುವುದಿಲ್ಲ. ಟ್ಯಾಂಕಿನಲ್ಲಿ ಇರುವ ನೀರಿನ ಎರಡು ಮೂರು ಪಟ್ಟು ನೀರಿಗೆ ಆಗುವಂಥ ಫಿಲ್ಟರ್ ಹಾಕಿ ಎಂದು ಹೇಳುವುದು ಇದೇ ಕಾರಣಕ್ಕೆ. ಚಿಪ್ಪಿನ ಉದ್ದದ ಪ್ರತಿ ಇಂಚಿಗೆ ಸುಮಾರು 40 ಲೀಟರ್ ನೀರು ಇರಲಿ ಎನ್ನುವ ಲೆಕ್ಕವೂ ಹಾಗೆಯೇ. ನೀರು ಜಾಸ್ತಿ ಇದ್ದಷ್ಟೂ ಗೊಬ್ಬರ ತೆಳುವಾಗುತ್ತದೆ.

ಈಗ ಫಿಲ್ಟರಿನ ಒಳಗೆ ಆಗುವುದನ್ನು ನೋಡೋಣ. ಆಮೆಯ ಉಚ್ಚೆ, ಹಿಕ್ಕೆ, ಕೊಳೆತ ಆಹಾರದಿಂದ ಅಮೋನಿಯಾ ಬರುತ್ತದೆ. ಇದು ಕಣ್ಣು, ಚರ್ಮ ಎರಡಕ್ಕೂ ಕೆಟ್ಟದ್ದು. ಫಿಲ್ಟರಿನ ಸ್ಪಂಜು, ಸಿರಾಮಿಕ್ ಉಂಗುರಗಳ ಮೇಲೆ ಕೂತ ಬ್ಯಾಕ್ಟೀರಿಯಾಗಳು ಈ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ಬಳಗ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ನೆಲೆಯಾದ ಮೇಲೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುತ್ತವೆ. ಆಮೆ ಬಚಾವ್.

ಆದರೆ ನೈಟ್ರೇಟ್ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಿಲ್ಲ. ನೀರಿನಲ್ಲೇ ಇದೆ. ಸಾಮಾನ್ಯ ಫಿಲ್ಟರಿನಲ್ಲಿ ಅದನ್ನು ತೆಗೆಯುವ ಭಾಗವೇ ಇಲ್ಲ. ಅದರ ಜೊತೆಗೆ ಆಹಾರದಿಂದ ಬಂದ ಫಾಸ್ಫೇಟ್ ಬೇರೆ. ತೋಟಕ್ಕೆ ಹಾಕುವ ಗೊಬ್ಬರದಲ್ಲಿ ಇರುವುದೂ ಸಾರಜನಕ, ರಂಜಕವೇ ತಾನೇ?

ಇಲ್ಲೊಂದು ಸೂಕ್ಷ್ಮ ಇದೆ, ತುಂಬ ಜನ ಗಮನಿಸುವುದಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ ಹಿಡಿದ ಹಿಕ್ಕೆ ನಮ್ಮ ಕಣ್ಣಿಗೆ ಕಾಣದೇ ಇರಬಹುದು, ಆದರೆ ಅದು ನೀರಿನಿಂದ ಹೊರಗೆ ಹೋಗಿಲ್ಲ. ಟ್ಯಾಂಕಿನ ನೀರು ಅದರ ಮೂಲಕವೇ ದಿನವಿಡೀ ಹಾದು ಬರುತ್ತದೆ. ಹಿಕ್ಕೆ ಕರಗುತ್ತಾ ಅದರ ಸಾರ ಮತ್ತೆ ಟ್ಯಾಂಕಿಗೇ ಬರುತ್ತದೆ. ಹಾಗಾಗಿ ಕೊಳೆ ಹಿಡಿಯುವ ಮೊದಲ ಸ್ಪಂಜನ್ನು ವಾರಕ್ಕೊಮ್ಮೆ ಹಿಂಡಲೇಬೇಕು. ಹಿಂಡುವುದು ಟ್ಯಾಂಕಿನಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಅದರ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಬಕೆಟ್ಟಿನಲ್ಲಿ ಎರಡು ಮೂರು ಸಲ ಹಿಂಡಿದಾಗ ಗೊಬ್ಬರದ ಗುಂಡಿಯ ನೀರಿನ ಬಣ್ಣ ಬರುತ್ತದೆ, ನೋಡಿ. ಅದಷ್ಟೂ ಪಾಚಿಯ ಬಾಯಿಂದ ತಪ್ಪಿಸಿದ ಊಟ. ಸಿರಾಮಿಕ್ ಉಂಗುರಗಳನ್ನು ಮಾತ್ರ ಪದೇ ಪದೇ ಮುಟ್ಟಬೇಡಿ. ನೀರು ಹರಿಯುವುದು ನಿಧಾನವಾದಾಗ ಒಮ್ಮೆ ಜಾಲಾಡಿಸಿದರೆ ಸಾಕು.

ನೀರು ಬದಲಾಯಿಸುವ ಲೆಕ್ಕ

ನೈಟ್ರೇಟ್ ಹೊರಗೆ ಹಾಕಲು ಸುಲಭದ ದಾರಿ ಒಂದೇ, ನೀರು ತೆಗೆದು ಬೇರೆ ನೀರು ಹಾಕುವುದು. ಎಷ್ಟು ತೆಗೆಯಬೇಕು ಎನ್ನುವುದರಲ್ಲೇ ಎಲ್ಲ ಇದೆ.

ನಿಮ್ಮ ಟ್ಯಾಂಕಿನಲ್ಲಿ ವಾರಕ್ಕೆ ಲೀಟರಿಗೆ 20 ಮಿಲಿಗ್ರಾಂ ನೈಟ್ರೇಟ್ ಹುಟ್ಟುತ್ತದೆ ಎಂದುಕೊಳ್ಳಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿದರೆ ನೈಟ್ರೇಟ್ ಏರುತ್ತಾ ಏರುತ್ತಾ 80ಕ್ಕೆ ಹೋಗಿ ನಿಲ್ಲುತ್ತದೆ. ಯಾಕೆಂದರೆ 80ರ ಕಾಲು ಭಾಗ 20. ಹುಟ್ಟಿದಷ್ಟೇ ಹೊರಗೆ ಹೋಗುವುದು ಆ ಮಟ್ಟ ಮುಟ್ಟಿದ ಮೇಲೆ. ಅರ್ಧ ನೀರು ಬದಲಾಯಿಸಿದರೆ 40ಕ್ಕೇ ನಿಲ್ಲುತ್ತದೆ. ಆಮೆಗೆ 40ರ ಒಳಗಿದ್ದರೆ ಒಳ್ಳೆಯದು ಎನ್ನುವುದು ಸಾಕುವವರ ರೂಢಿಯ ಅಳತೆ. ಪಾಚಿ ಕಡಿಮೆ ಮಾಡಬೇಕಾದರೆ ಇನ್ನೂ ಕೆಳಗೆ ಇಳಿಸಬೇಕು. ನೀರಿನ ಪರೀಕ್ಷೆಯ ಸಣ್ಣ ಕಿಟ್ ಅಕ್ವೇರಿಯಂ ಅಂಗಡಿಯಲ್ಲಿ, ಆನ್‌ಲೈನಲ್ಲಿ ಸಿಗುತ್ತದೆ. ಔಷಧಿಗೆ ದುಡ್ಡು ಹಾಕುವ ಬದಲು ಮೊದಲು ಅದಕ್ಕೆ ಹಾಕಿ ಎಂದೇ ನನ್ನ ಸಲಹೆ. ಕಣ್ಣಿಗೆ ಕಾಣದ್ದನ್ನು ಅಳೆಯದೆ ಸುಮ್ನೆ ಊಹೆ ಮಾಡಿ ಪ್ರಯೋಜನ ಇಲ್ಲ.

ಆ ಲೆಕ್ಕದಲ್ಲಿ ನೀವು ಹಾಕುವ ಹೊಸ ನೀರಿನಲ್ಲಿ ನೈಟ್ರೇಟ್ ಇಲ್ಲ ಎಂದು ನಂಬಿದ್ದೆವು. ಮಲೆನಾಡಿನಲ್ಲಿ ಅದನ್ನು ನಂಬುವಂತಿಲ್ಲ. ಎಷ್ಟೋ ಮನೆಗಳಲ್ಲಿ ಬಾವಿ ನೀರೇ. ಬಾವಿ ಅಡಿಕೆ ತೋಟದ ಅಂಚಿನಲ್ಲಿ, ಕೊಟ್ಟಿಗೆಯ ಹತ್ತಿರ, ಗೊಬ್ಬರ ಗುಂಡಿಯ ಕೆಳಗಿನ ಇಳಿಜಾರಿನಲ್ಲಿ ಇದ್ದರೆ ನೈಟ್ರೇಟ್ ಮಣ್ಣಿನ ಮೂಲಕ ಇಳಿದು ಬಾವಿಗೆ ಬರಬಹುದು. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ವರೆಗೆ ಇರಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅಂದರೆ ನಾವು ಧೈರ್ಯವಾಗಿ ಕುಡಿಯುವ ನೀರಿನಲ್ಲೂ ಪಾಚಿಗೆ ಬೇಕಾದಷ್ಟು ಊಟ ಇರಬಹುದು. ಹೊಸ ನೀರಿನಲ್ಲೇ 30 ಇದ್ದರೆ ಮೇಲಿನ ಲೆಕ್ಕದ 80 ಎನ್ನುವುದು 110 ಆಗುತ್ತದೆ. ಎಷ್ಟು ಸಲ ಬದಲಾಯಿಸಿದರೂ 30ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಹಾಗಾಗಿ ಟ್ಯಾಂಕಿನ ನೀರು ಪರೀಕ್ಷೆ ಮಾಡುವ ದಿನವೇ ಬಾವಿ ಅಥವಾ ಬೋರ್‌ವೆಲ್ ನೀರನ್ನೂ ಪರೀಕ್ಷೆ ಮಾಡಿ.

ಊರಿನ ನಲ್ಲಿ ನೀರಾದರೆ ತಲೆನೋವು ಕ್ಲೋರಿನ್. ಆಮೆ ಗಾಳಿಯಲ್ಲಿ ಉಸಿರಾಡುವ ಪ್ರಾಣಿ, ಮೀನಿನ ಹಾಗೆ ಕಿವಿರು ಸುಟ್ಟುಕೊಳ್ಳುವುದಿಲ್ಲ. ತೊಂದರೆ ಆಗುವುದು ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ. ಒಂದು ದಿನ ತೆರೆದ ಡ್ರಮ್ಮಿನಲ್ಲಿ ಹಿಡಿದಿಟ್ಟು ಬಳಸಿ, ಇಲ್ಲವೇ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ.

ಬೇಸಿಗೆಯಲ್ಲಿ ಇನ್ನೊಂದು ಸಂಗತಿ. ನೀರು ಆವಿಯಾಗಿ ಎರಡು ಬೆರಳು ಕೆಳಗೆ ಇಳಿಯುತ್ತದೆ, ನಾವು ಒಂದು ಕೊಡ ಸುರಿದು ಸರಿ ಮಾಡುತ್ತೇವೆ. ಇದು ನೀರು ಬದಲಾಯಿಸಿದ ಹಾಗಲ್ಲ. ಆವಿಯಾಗಿ ಹೋಗುವುದು ಬರೀ ನೀರು. ನೈಟ್ರೇಟ್, ಫಾಸ್ಫೇಟ್, ಉಪ್ಪು ಎಲ್ಲ ಒಳಗೇ ಉಳಿಯುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಪಾಚಿ ಒಮ್ಮೆಗೇ ಜಾಸ್ತಿಯಾಗಲು ಬಿಸಿಲಿನ ಜೊತೆ ಇದೂ ಒಂದು ಕಾರಣ.

ನೀರು ತೆಗೆಯುವಾಗ ಪೈಪನ್ನು ಬಾಯಲ್ಲಿ ಎಳೆಯಬೇಡಿ. ಆಮೆಯ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುವುದು ಮಾಮೂಲು. ಅಮೆರಿಕದಲ್ಲಿ 4 ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟವನ್ನು 1975ರಲ್ಲಿ ನಿಲ್ಲಿಸಿದ್ದು ಮಕ್ಕಳಿಗೆ ಇದರಿಂದ ಕಾಯಿಲೆ ಬರುತ್ತಿತ್ತು ಎಂದೇ. ಒತ್ತುವ ಬಲ್ಬ್ ಇರುವ ಸೈಫನ್ ಪೈಪ್ ಸಿಗುತ್ತದೆ, ಅದನ್ನೇ ಬಳಸಿ. ಪೈಪಿನ ತುದಿಯನ್ನು ತಳದ ಮೂಲೆಗಳಲ್ಲಿ ಆಡಿಸಿ, ಹಿಕ್ಕೆ ಸೇರುವುದು ಅಲ್ಲೇ. ತಳದಲ್ಲಿ ಸಣ್ಣ ಜಲ್ಲಿಕಲ್ಲು ಹಾಕಿದ್ದರೆ ತೆಗೆದುಬಿಡಿ. ಅದರ ಸಂದಿಯಲ್ಲಿ ಕೊಳೆ ಕೂರುತ್ತದೆ, ಆಮೆ ಅದನ್ನು ನುಂಗುವುದೂ ಉಂಟು. ಬರೀ ಗಾಜಿನ ತಳ, ಬೇಕಾದರೆ ಆಮೆಯ ತಲೆಗಿಂತ ದೊಡ್ಡ ನಾಲ್ಕು ಹೊಳೆಗಲ್ಲು, ಅಷ್ಟು ಸಾಕು.

ಊಟದ ವಿಷಯಕ್ಕೆ ಬಂದರೆ, ಆಮೆ ನಮ್ಮನ್ನು ಕಂಡಾಗಲೆಲ್ಲ ಕೈಕಾಲು ಬಡಿಯುತ್ತದೆ. ಅದು ಹಸಿವು ಎಂದು ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಚಿಟಿಕೆ ಹಾಕುತ್ತಾರೆ. ಅಜ್ಜಿ ಒಂದು, ಮಗು ಒಂದು. ಪಾಚಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ. ಮರಿಗೆ ದಿನಕ್ಕೊಮ್ಮೆ, ಬೆಳೆದ ಆಮೆಗೆ ಎರಡು ಮೂರು ದಿನಕ್ಕೊಮ್ಮೆ, ಪ್ರತಿ ಸಲ ಅದರ ತಲೆಯ ಗಾತ್ರದಷ್ಟು ಪೆಲೆಟ್. ಬೆಳೆದ ಮೇಲೆ ಸೊಪ್ಪಿನ ಪಾಲು ಜಾಸ್ತಿ ಇರಬೇಕು. ಇದು ಆಮೆಯ ಆರೋಗ್ಯಕ್ಕೂ ಸರಿ, ನೀರಿಗೂ ಸರಿ. ಅರ್ಧ ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ಜಾಲಿಯಲ್ಲಿ ಎತ್ತಿಬಿಡಿ. ಆಗುವುದಾದರೆ ಬೇರೆ ಟಬ್ಬಿನಲ್ಲಿ ಟ್ಯಾಂಕಿನ ನೀರು ಹಾಕಿ ಅಲ್ಲೇ ಊಟ ಕೊಡಿ. ಚೆಲ್ಲಿದ್ದೆಲ್ಲ ಆ ಟಬ್ಬಿನಲ್ಲೇ ಉಳಿಯುತ್ತದೆ. ಎತ್ತಿ ಇಳಿಸುವಾಗ ಬೆದರುವ ಆಮೆಗೆ ಮಾತ್ರ ಈ ಪದ್ಧತಿ ಬೇಡ.

ಬೆಳಕು ಆಮೆಗೆ, ನೀರಿಗಲ್ಲ

ಎಷ್ಟು ಮಾಡಿದರೂ ಆಮೆ ಟ್ಯಾಂಕಿನಲ್ಲಿ ಗೊಬ್ಬರ ಪೂರ್ತಿ ಇಲ್ಲವಾಗುವುದಿಲ್ಲ. ಬೆಳಕಿನ ಮೇಲೆ ನಮ್ಮ ಹಿಡಿತ ಜಾಸ್ತಿ. ಆದರೆ ಇಲ್ಲೊಂದು ತೊಡಕಿದೆ. ಮೀನಿನ ಟ್ಯಾಂಕಾದರೆ ಬಲ್ಬ್ ಆರಿಸಿದರೂ ನಡೆಯುತ್ತದೆ. ಆಮೆಗೆ ದಿನಕ್ಕೆ 10ರಿಂದ 12 ಗಂಟೆ ಬಿಸಿಲು ಕಾಯುವ ಜಾಗ, ಅಂದರೆ ನೀರಿನಿಂದ ಮೇಲೆ ಒಂದು ಒಣ ಕಟ್ಟೆ ಬೇಕು. ಅಲ್ಲಿ 32ರಿಂದ 35 ಡಿಗ್ರಿ ಬಿಸಿ ಇರಬೇಕು, ಬಿಸಿಲಿನಲ್ಲಿ ಇರುವಂಥ ಯುವಿಬಿ ಎಂಬ ಅತಿನೇರಳೆ ಕಿರಣ ಬೀಳಬೇಕು. ಯುವಿಬಿ ಇಲ್ಲದಿದ್ದರೆ ಅದರ ಮೈಯಲ್ಲಿ ಡಿ3 ವಿಟಮಿನ್ ಆಗುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಪಾಚಿ ಹೆದರಿಕೆಯಿಂದ ಈ ಬಲ್ಬ್ ಆರಿಸುವುದು ಆಮೆಗೆ ಮಾಡುವ ದ್ರೋಹ.

ಹಾಗಾದರೆ ದಾರಿ? ಬೆಳಕು ಆಮೆಯ ಬೆನ್ನಿಗೆ ಬೀಳಲಿ, ನೀರಿಗೆ ಬೀಳದಿರಲಿ. ಬಲ್ಬಿಗೆ ಅಗಲವಾದ ಲೋಹದ ಟೋಪಿ ಹಾಕಿ ಕಟ್ಟೆಯ ಮೇಲಷ್ಟೇ ಬೀಳುವ ಹಾಗೆ ತಿರುಗಿಸಿ. ಇನ್ನೂ ಒಳ್ಳೆಯದು ಅಂದರೆ ಕಟ್ಟೆಯನ್ನೇ ಟ್ಯಾಂಕಿನ ಮೇಲಕ್ಕೆ ಎತ್ತುವುದು. ಟ್ಯಾಂಕಿನ ಒಂದು ಬದಿಯ ಮೇಲೆ ಪ್ಲೈವುಡ್ಡಿನ ಪೆಟ್ಟಿಗೆ, ಹತ್ತಲು ಒಂದು ಜಾರುಹಲಗೆ, ಬಲ್ಬ್ ಪೆಟ್ಟಿಗೆಯ ಒಳಗೆ. ಪೆಟ್ಟಿಗೆಯ ತಳವೇ ನೀರಿಗೆ ನೆರಳು. ಬಡಗಿಗೆ ಹೇಳಿದರೆ ಇದು ದೊಡ್ಡ ಕೆಲಸವೇನಲ್ಲ. ನೀರಿನ ಮೇಲೆ ಅಂದಕ್ಕೆ ಹಾಕಿದ ಎಲ್‌ಇಡಿ ಇದ್ದರೆ ಅದನ್ನು ಆಮೆ ನೋಡಲು ಕೂರುವ ಹೊತ್ತಿನಲ್ಲಿ ಮಾತ್ರ ಹಚ್ಚಿ. ಬಿಸಿಲಿನ ಬಲ್ಬಿಗೆ ಟೈಮರ್ ಹಾಕಿ, ಮರೆತು ರಾತ್ರಿಯೆಲ್ಲ ಉರಿಯುವುದು ತಪ್ಪುತ್ತದೆ.

ಇನ್ನು ಕಿಟಕಿ. "ಆಮೆಗೆ ಬಿಸಿಲು ಒಳ್ಳೇದಲ್ವಾ" ಎಂದು ಪಶ್ಚಿಮದ ಕಿಟಕಿಯ ಪಕ್ಕ ಟ್ಯಾಂಕ್ ಇಡುವವರು ತುಂಬ. ಕಿಟಕಿಯ ಗಾಜು ಯುವಿಬಿಯನ್ನು ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತದೆ. ಪಾಚಿಗೆ ಬೇಕಾದ ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಅಂದರೆ ಆ ಬಿಸಿಲಿನ ಲಾಭವೆಲ್ಲ ಪಾಚಿಗೆ, ಆಮೆಗೆ ಸಿಗುವುದು ಬರೀ ಬಿಸಿ.

ಹಂಚಿನ ಮನೆಗಳಲ್ಲಿ ಕಿಟಕಿಗಿಂತ ಗಾಜಿನ ಹಂಚನ್ನು ಗಮನಿಸಬೇಕು. ಸಾಗರದ ಕಡೆಯ ಒಂದು ಮನೆಯ ಪಡಸಾಲೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಟ್ಯಾಂಕಿನ ಹತ್ತಿರ ಕಿಟಕಿಯೇ ಇಲ್ಲ, ಆದರೂ ಪಾಚಿ. ಗಾಜಿನ ಎಡ ತುದಿಯಲ್ಲಿ ಸ್ವಚ್ಛ, ಬಲ ತುದಿಯಲ್ಲೂ ಸ್ವಚ್ಛ, ನಡುವೆ ಮೊಳದಗಲ ಓರೆಯಾಗಿ ದಪ್ಪ ಹಸಿರು ಪಟ್ಟಿ. ಮಧ್ಯಾಹ್ನದ ಹೊತ್ತಿಗೆ ಮಾಡಿನ ಗಾಜಿನ ಹಂಚಿನಿಂದ ಒಂದು ಬಿಸಿಲುಕೋಲು ಇಳಿದು, ಸರಿಯಾಗಿ ಆ ಪಟ್ಟಿಯ ಮೇಲೇ ಸರಿಯುತ್ತಾ ಹೋಯಿತು. ಬಿಸಿಲು ಮುಟ್ಟಿದಲ್ಲಿ ಪಾಚಿ, ಮುಟ್ಟದಲ್ಲಿ ಇಲ್ಲ. ಟ್ಯಾಂಕನ್ನು ಗೋಡೆಯ ಕಡೆ ಎರಡು ಅಡಿ ಸರಿಸಿದ್ದೇ ಅಲ್ಲಿಗೆ ಮದ್ದಾಯಿತು. ನಿಮ್ಮ ಟ್ಯಾಂಕಿನ ಪಾಚಿ ಎಲ್ಲಿ ದಪ್ಪ ಇದೆ ಎಂದು ಹೀಗೆ ಒಮ್ಮೆ ನಿಂತು ನೋಡಿ. ಬೆಳಕು ಎಲ್ಲಿಂದ ಬರುತ್ತಿದೆ ಎಂದು ಅದೇ ಹೇಳುತ್ತದೆ. ಸರಿಸಲು ಆಗದಿದ್ದರೆ ಆ ಬದಿಯ ಗಾಜಿಗೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ.

ನಿಜವಾದ ಬಿಸಿಲು ಕೊಡಬೇಕೆಂದರೆ ಆಮೆಯನ್ನೇ ಅಂಗಳಕ್ಕೆ ಒಯ್ಯಿರಿ. ಟಬ್ಬಿನ ಅರ್ಧಕ್ಕೆ ನೆರಳು ಇರಲಿ, ಮೇಲೆ ತಂತಿ ಬಲೆ ಇರಲಿ, ನೀವೂ ಹತ್ತಿರವೇ ಇರಿ. ಕಾಗೆ, ನಾಯಿ, ಬೆಕ್ಕು ಮೂರಕ್ಕೂ ಆಮೆ ಸಲೀಸು ತುತ್ತು.

ಪಾಚಿಯಲ್ಲೂ ಬೇರೆ ಬೇರೆ

ಗಾಜಿಗೆ ಅಂಟಿದ ತೆಳು ಹಸಿರು ಪದರದಿಂದ ಆಮೆಗೆ ಏನೂ ಆಗುವುದಿಲ್ಲ. ಅದು ನೈಟ್ರೇಟನ್ನೇ ತಿಂದು ಬೆಳೆಯುತ್ತಿದೆ, ಆಮೆಯೂ ಆಗಾಗ ಅದನ್ನು ಕೆರೆದು ತಿನ್ನುತ್ತದೆ. ನೋಡುವ ಮುಂದಿನ ಗಾಜನ್ನು ಹಳೆಯ ಎಟಿಎಂ ಕಾರ್ಡಿನಿಂದ ಕೆರೆದು, ಹಿಂದಿನ ಗಾಜಿನಲ್ಲಿ ಇದ್ದರೆ ಇರಲಿ ಎಂದು ಬಿಡುವುದೇ ಜಾಣತನ. ಕೆರೆದ ಕೂಡಲೇ ಆ ಚೂರುಗಳನ್ನು ಸೈಫನ್ನಿನಲ್ಲಿ ಎಳೆದುಬಿಡಬೇಕು. ಇಲ್ಲದಿದ್ದರೆ ಅಲ್ಲೇ ಕೊಳೆತು ಮತ್ತೆ ಗೊಬ್ಬರವಾಗುತ್ತದೆ.

ಹೊಸ ಟ್ಯಾಂಕಿನಲ್ಲಿ ಮೊದಲು ಬರುವುದು ಕಂದು ಪುಡಿಯಂಥದ್ದು, ಡಯಾಟಮ್. ಬೆರಳಲ್ಲಿ ಒರೆಸಿದರೆ ಹೋಗುತ್ತದೆ. ಟ್ಯಾಂಕ್ ಹಳತಾದಂತೆ ತಾನಾಗಿ ಕಡಿಮೆಯಾಗುತ್ತದೆ. ಕೂದಲಿನ ಹಾಗೆ ಎಳೆ ಎಳೆಯಾಗಿ ಬರುವುದನ್ನು ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಎಳೆದರೆ ಬರುತ್ತದೆ.

ನೀರೇ ಹಸಿರಾಗಿ ಆಮೆ ಕಾಣದಂತೆ ಆಗುವುದು ಬೇರೆ ಜಾತಿ. ಇಲ್ಲಿ ಪಾಚಿ ಎಲ್ಲಿಗೂ ಅಂಟಿಲ್ಲ. ಒಂದೊಂದೇ ಕೋಶವಾಗಿ ನೀರಿನಲ್ಲಿ ತೇಲುತ್ತಿದೆ. ಸ್ಪಂಜಿಗೆ ಸಿಗದಷ್ಟು ಸಣ್ಣದು. ಇದಕ್ಕೆ ಸರಿಯಾದ ಉಪಾಯ ಯುವಿಸಿ ಎಂಬ ಇನ್ನೊಂದು ಬಗೆಯ ಅತಿನೇರಳೆ ದೀಪದ ಘಟಕ. ಫಿಲ್ಟರಿನ ನೀರು ಮುಚ್ಚಿದ ಕೊಳವೆಯೊಳಗೆ ಆ ದೀಪದ ಪಕ್ಕ ಹಾದು ಹೋಗುವಾಗ ಕೋಶಗಳು ಸಾಯುತ್ತವೆ. ಇದು ಆಮೆಗೆ ಬೇಕಾದ ಯುವಿಬಿ ಅಲ್ಲ, ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಯುವಿಸಿ ನೇರವಾಗಿ ಬಿದ್ದರೆ ಆಮೆಯ ಕಣ್ಣೂ ಹಾಳು, ನಮ್ಮ ಕಣ್ಣೂ ಹಾಳು. ಅದು ಕೊಳವೆಯೊಳಗೇ ಇರಬೇಕು. ಗಾಜಿಗೆ ಅಂಟಿದ ಪಾಚಿಗೆ ಈ ದೀಪದಿಂದ ಏನೂ ಆಗುವುದಿಲ್ಲ, ಅದು ಕೊಳವೆಯ ಹತ್ತಿರ ಬರುವುದೇ ಇಲ್ಲವಲ್ಲ. ದುಡ್ಡು ಖರ್ಚು ಬೇಡ ಎನ್ನುವವರು ಟ್ಯಾಂಕಿಗೆ ದಪ್ಪ ಕಂಬಳಿ ಹೊದಿಸಿ ಮೂರು ನಾಲ್ಕು ದಿನ ಕತ್ತಲಲ್ಲಿ ಇಡಬಹುದು. ಆ ದಿನಗಳಲ್ಲಿ ಆಮೆಗೆ ಬೇರೆ ಟಬ್ಬು, ಬೇರೆ ಬಿಸಿಲು ವ್ಯವಸ್ಥೆ ಮಾಡಿ. ಫಿಲ್ಟರ್ ಮಾತ್ರ ಓಡುತ್ತಲೇ ಇರಲಿ. ಕಂಬಳಿ ತೆಗೆದ ದಿನ ಅರ್ಧ ನೀರು ಬದಲಾಯಿಸಿ, ಯಾಕೆಂದರೆ ಸತ್ತ ಪಾಚಿಯಿಂದ ಅಮೋನಿಯಾ ಏರುತ್ತದೆ.

ನೀಲಿ ಮಿಶ್ರಿತ ಹಸಿರು, ಲೋಳೆ ಲೋಳೆ, ಹಾಳೆಯ ಹಾಗೆ ಎದ್ದು ಬರುವಂಥದ್ದು, ಕೆಟ್ಟ ವಾಸನೆ ಬೇರೆ. ಅದನ್ನು ಕಂಡರೆ ಮಾತ್ರ ತಡ ಮಾಡಬೇಡಿ. ಅದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಅದರ ಕೆಲವು ಜಾತಿಗಳು ವಿಷ ಬಿಡುತ್ತವೆ. ಆಮೆಯನ್ನು ಹೊರಗೆ ತೆಗೆದು, ಹಾಳೆಗಳನ್ನು ಪೂರ್ತಿ ಸೈಫನ್ ಮಾಡಿ, ನೀರು ಹೆಚ್ಚಾಗಿ ಬದಲಾಯಿಸಿ, ನೀರು ನಿಂತಲ್ಲೇ ನಿಲ್ಲುವ ಮೂಲೆಗಳಿಗೆ ಫಿಲ್ಟರಿನ ಹರಿವು ತಿರುಗಿಸಿ.

ಮೈಲುತುತ್ತ ಟ್ಯಾಂಕಿನ ಹತ್ತಿರವೂ ಬೇಡ

ಅಡಿಕೆ ಇರುವ ಮನೆಯಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಕೊಳೆರೋಗಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಸೇರಿಸಿ ಬೋರ್ಡೋ ಹೊಡೆಯುವುದು ಇಲ್ಲಿ ಎಲ್ಲರಿಗೂ ಬಾಯಿಪಾಠ. ಮೈಲುತುತ್ತ ಪಾಚಿಯನ್ನೂ ಕೊಲ್ಲುತ್ತದೆ, ನಿಜ. ಅದರಲ್ಲಿರುವ ತಾಮ್ರ ನೀರಿನ ಪ್ರಾಣಿಗಳಿಗೂ ವಿಷ. ಅಂಗಡಿಯ ಎಷ್ಟೋ ಪಾಚಿ ಔಷಧಿಗಳಲ್ಲೂ ಇರುವುದು ತಾಮ್ರವೇ, ಲೇಬಲ್ ಓದಿ ನೋಡಿ. ತಾಮ್ರ ಇಲ್ಲದ ಔಷಧಿಯೇ ಆದರೂ ಪಾಚಿ ಸಾಯುತ್ತದೆ, ಕೊಳೆಯುತ್ತದೆ, ಅದರ ಗೊಬ್ಬರ ನೀರಿನಲ್ಲೇ ಉಳಿಯುತ್ತದೆ. ಮುಂದಿನ ಬೆಳೆಗೆ ನೆಲ ಹದ ಮಾಡಿ ಕೊಟ್ಟಂತೆ ಆಯಿತು. ಬೋರ್ಡೋ ಕಲಸಿದ ಡ್ರಮ್ಮು, ಬಕೆಟ್ಟು, ಪೈಪನ್ನು ತೊಳೆದಿದ್ದರೂ ಆಮೆ ಕೆಲಸಕ್ಕೆ ಬಳಸಬೇಡಿ. ತೋಟಕ್ಕೆ ಹೊಡೆಯುವ ದಿನ ಹೊರಗಿಟ್ಟ ಆಮೆ ಟಬ್ಬನ್ನು ಒಳಗೆ ತನ್ನಿ.

ಅಂಗಳದ ಪಾಚಿಗೆ ಹಾಕುವ ಬ್ಲೀಚಿಂಗ್ ಪುಡಿಯೂ ಟ್ಯಾಂಕಿಗೆ ಬೇಡ. ಪಾಚಿ ತಿನ್ನಲಿ ಎಂದು ಸಕ್ಕರ್ ಮೀನು ಬಿಡುವುದೂ ಬೇಡ. ಆಮೆ ಅದನ್ನು ಕಚ್ಚುತ್ತದೆ, ಅದು ಬದುಕಿದರೆ ತಾನೂ ಹಿಕ್ಕೆ ಹಾಕುತ್ತದೆ. ಬಸವನಹುಳು ಬಿಟ್ಟರೆ ಸಂಜೆಯೊಳಗೆ ಆಮೆಯ ಹೊಟ್ಟೆಯಲ್ಲಿ.

ನೈಟ್ರೇಟ್ ಹೀರಲು ನನಗೆ ಇಷ್ಟವಾದದ್ದು ಮನಿ ಪ್ಲಾಂಟ್. ಪ್ರತಿ ಮನೆಯ ಜಗಲಿಯಲ್ಲೂ ಇರುತ್ತದೆ. ನಾಲ್ಕು ಬಳ್ಳಿ ಕತ್ತರಿಸಿ ಬೇರು ಮಾತ್ರ ನೀರಿಗೆ ಇಳಿಯುವ ಹಾಗೆ ಟ್ಯಾಂಕಿನ ಹಿಂಬದಿಗೆ ಸಿಕ್ಕಿಸಿ. ಎಲೆಗಳು ಗೋಡೆಯ ಮೇಲೆ ಹಬ್ಬುತ್ತವೆ, ಸಾರವನ್ನು ಬೇರು ಎಳೆಯುತ್ತದೆ. ಎಲೆ, ಕಾಂಡ, ಬೇರು ಯಾವುದೂ ಆಮೆಯ ಬಾಯಿಗೆ ಸಿಗಬಾರದು, ಅದರಲ್ಲಿ ಬಾಯಿ ಗಂಟಲು ಕೆರೆಯುವ ಆಕ್ಸಲೇಟ್ ಇದೆ. ಬೇರಿನ ಸುತ್ತ ತೂತಿನ ಪ್ಲಾಸ್ಟಿಕ್ ಬುಟ್ಟಿ ಕಟ್ಟಿದರೆ ಆಯಿತು. ಬಳ್ಳಿ ಒಂದರಿಂದಲೇ ಎಲ್ಲ ಸರಿಹೋಗುವುದಿಲ್ಲ, ನೀರು ಬದಲಾಯಿಸುವುದು ತಪ್ಪುವುದಿಲ್ಲ. ಆದರೆ ಎರಡು ಸೇರಿದರೆ ವ್ಯತ್ಯಾಸ ಕಾಣುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿಗೆ ಬೆಳಕು ಕಡಿಮೆ. ಆದರೆ ನಮ್ಮ ಕಡೆ ಮಳೆ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು. ಫಿಲ್ಟರ್ ನಿಂತು ಕೆಲವು ಗಂಟೆ ಕಳೆದರೆ ಕ್ಯಾನಿಸ್ಟರ್, ಅಂದರೆ ಮುಚ್ಚಿದ ಡಬ್ಬದಂಥ ಫಿಲ್ಟರಿನೊಳಗೆ ಆಮ್ಲಜನಕ ಮುಗಿಯುತ್ತದೆ. ಬ್ಯಾಕ್ಟೀರಿಯಾ ಸಾಯತೊಡಗುತ್ತವೆ, ಒಳಗಿನ ನೀರು ಕೊಳೆತು ನಾರುತ್ತದೆ. ಕರೆಂಟ್ ಬಂದ ಕೂಡಲೇ ಆ ನೀರು ಒಮ್ಮೆಗೇ ಟ್ಯಾಂಕಿಗೆ ಬರುತ್ತದೆ. ಹಾಗಾಗಿ ಕರೆಂಟ್ ತುಂಬ ಹೊತ್ತು ಹೋಗಿದ್ದರೆ ಮೊದಲು ಫಿಲ್ಟರಿನ ಪ್ಲಗ್ ತೆಗೆದಿಡಿ. ಬಂದ ಮೇಲೆ ಅದರ ನೀರು ಚೆಲ್ಲಿ, ಟ್ಯಾಂಕಿನ ನೀರಿನಲ್ಲಿ ಸ್ಪಂಜು ಜಾಲಾಡಿ, ಆಮೇಲೆ ಓಡಿಸಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಫಿಲ್ಟರನ್ನು ಅದಕ್ಕೇ ಜೋಡಿಸಿ, ಅದು ಎಳೆಯುವ ಕರೆಂಟ್ ಸಣ್ಣ ಬಲ್ಬಿನಷ್ಟೇ. ಅಂಥ ದಿನಗಳಲ್ಲಿ ಊಟ ಕೊಡಬೇಡಿ. ಬೆಳೆದ ಆಮೆ ಎರಡು ದಿನ ಉಪವಾಸ ಇದ್ದರೆ ಏನೂ ಆಗುವುದಿಲ್ಲ. ನೀರು ತಣ್ಣಗಾದಾಗ ಅದು ತಿನ್ನುವುದೂ ಕಡಿಮೆ, ಹಾಕಿದ್ದೆಲ್ಲ ತಳದಲ್ಲಿ ಕೊಳೆಯುತ್ತದೆ. ಮಳೆಗಾಲಕ್ಕೆ ಜಾಲರಿ ಮುಚ್ಚಿದ ಹೀಟರ್ ಹಾಕಿ ನೀರನ್ನು 24, 25 ಡಿಗ್ರಿಯಲ್ಲಿ ಇಟ್ಟರೆ ಆಮೆಯ ಜೀರ್ಣವೂ ಸರಿ ಇರುತ್ತದೆ.

ಚಿಪ್ಪಿನ ಮೇಲೆ ಪಾಚಿ ಬಂದರೆ ಗಾಬರಿ ಬೇಡ. ಕಾಡಿನ ಆಮೆಗಳ ಬೆನ್ನಲ್ಲೂ ಇರುತ್ತದೆ. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬರೀ ನೀರಿನಲ್ಲಿ ಮೆಲ್ಲಗೆ ತಿಕ್ಕಿ, ಸೋಪು ಬೇಡ. ಆಮೆ ಕಟ್ಟೆ ಹತ್ತಿ ಪೂರ್ತಿ ಒಣಗುತ್ತಿದ್ದರೆ ಚಿಪ್ಪಿನ ಪಾಚಿ ತಾನೇ ಉದುರುತ್ತದೆ. ದಪ್ಪಗೆ ಕಟ್ಟಿದೆ ಎಂದರೆ ಅದು ಬಿಸಿಲು ಕಾಯುತ್ತಿಲ್ಲ ಎಂದು ಅನುಮಾನಿಸಿ ಕಟ್ಟೆ, ಬಲ್ಬ್ ಎರಡನ್ನೂ ನೋಡಿ. ಪಾಚಿಯ ಕೆಳಗೆ ಚಿಪ್ಪು ಮೆತ್ತಗಿದ್ದರೆ, ಗುಳಿ ಬಿದ್ದಿದ್ದರೆ, ವಾಸನೆ ಬಂದರೆ ಅದು ಚಿಪ್ಪು ಕೊಳೆಯುವ ಕಾಯಿಲೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅಲ್ಲಿಗೋ ಹತ್ತಿರದ ಪಶುವೈದ್ಯರಲ್ಲಿಗೋ ಕರೆದುಕೊಂಡು ಹೋಗಿ.

ತೆಗೆದ ಹಳೆಯ ನೀರನ್ನು ಚರಂಡಿಗೆ ಸುರಿಯಬೇಡಿ. ಟ್ಯಾಂಕಿನಲ್ಲಿ ಪಾಚಿ ಬೆಳೆಸುತ್ತಿದ್ದ ಅದೇ ನೈಟ್ರೇಟ್ ಈಗ ದಾಸವಾಳಕ್ಕೆ, ಆಂಥೂರಿಯಂ ಕುಂಡಕ್ಕೆ, ಅಡಿಕೆ ಸಸಿಯ ಬುಡಕ್ಕೆ ಆಗುತ್ತದೆ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಗೆ ಬೇಡ, ಬಾವಿಯ ಕಟ್ಟೆಯ ಹತ್ತಿರವೂ ಬೇಡ. ಅಡುಗೆಮನೆಯ ಸಿಂಕಿನಲ್ಲಿ ಬಕೆಟ್, ಸ್ಪಂಜು ತೊಳೆಯಬೇಡಿ. ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ, ಮಕ್ಕಳಿಂದಲೂ ತೊಳೆಸಿ.

ಇಷ್ಟೆಲ್ಲ ಕೆಲಸ ಆಗದು ಎನಿಸಿದರೆ ಆಮೆಯನ್ನು ತುಂಗೆಗೋ ಊರ ಕೆರೆಗೋ ಬಿಟ್ಟು ಬರುವ ಯೋಚನೆ ಮಾತ್ರ ಖಂಡಿತ ಬೇಡ. ಕೆಂಪು ಕಿವಿಯ ಈ ಆಮೆ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ನಮ್ಮ ಹೊಳೆಯ ಆಮೆಗಳ ಊಟ, ಬಿಸಿಲು ಕಾಯುವ ಬಂಡೆ ಎರಡನ್ನೂ ಅದು ಕಿತ್ತುಕೊಳ್ಳುತ್ತದೆ. ಇನ್ನೊಬ್ಬ ಸಾಕುವವರಿಗೆ ಟ್ಯಾಂಕ್, ಬಲ್ಬ್, ಫಿಲ್ಟರ್ ಸಮೇತ ಕೊಡಿ. ಫಿಲ್ಟರ್ ಸಾಗಿಸುವಾಗ ಸ್ಪಂಜು, ಉಂಗುರಗಳನ್ನು ಒಣಗಲು ಬಿಡದೆ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ ಒಯ್ಯಬೇಕು ಎಂದು ಅವರಿಗೆ ಹೇಳಿಕೊಡಿ.